ಓದುಗರ ಪ್ರಶ್ನೆಗಳಿಗೆ ಉತ್ತರ: ಗುಡ್ಡ ಬಿಟ್ಟು ಬಯಲಿಗಿಳಿದ ಸಾಲ್ಸ್‌ಬರಿ

ಹಿಂದಿನ ಸಂಚಿಕೆಯಲ್ಲಿ ದಕ್ಷಿಣ ಇಂಗ್ಲೆಂಡಿನ ಸಾಲ್ಸ್‌ಬರಿ ನಗರದ ಕೆಥೆಡ್ರಲಿನ ಚಿತ್ರವನ್ನು ಪ್ರಕಟಿಸಿ, ಅದು ನಮ್ಮ ಸೋಮನಾಥಪುರದ ಕೇಶವ ದೇವಾಲಯದ ಓರಗೆಯದು ಎಂದು ಅಡಿಬರಹ ಕೊಟ್ಟಿದ್ದೆವು. ಅದನ್ನು ಓದಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು, ಒಂದೇ ತೆರನಾದವನ್ನು ಒಂದುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಮಗಳು ಸೌತಾಂಪ್ಟನ್‌ನಲ್ಲಿ ಕೆಲಸದಲ್ಲಿದ್ದಾಳೆ. ಸಾಲ್ಸ್‌ಬರಿ ನೋಡಿ ಬಂದವಳು, ಊರ ಹೊರಗೆ ಒಂದು ಬೋಳು ಗುಡ್ಡವಿದೆ, ಹಳೆಯ ಊರು ಅದೇ ಅಂತೆ ಎಂದಳು. ಊರಿಗೆ ಊರೇ ಗುಡ್ಡ ಬಿಟ್ಟು ಇಳಿದದ್ದು ಏಕೆ? ಯುದ್ಧವೇ, ರೋಗವೇ? (ನಿವೃತ್ತ ಶಿಕ್ಷಕರು, ಹಾಸನ)

ಉತ್ತರ: ಯುದ್ಧವೂ ಅಲ್ಲ, ರೋಗವೂ ಅಲ್ಲ. ಗಾಳಿ, ನೀರಿನ ಅಭಾವ ಮತ್ತು ಕೋಟೆಯ ಸಿಪಾಯಿಗಳ ದರ್ಪ, ಇವು ಮೂರೂ ಸೇರಿ ಊರನ್ನು ಕೆಳಗಿಳಿಸಿದವು. ನಿಮ್ಮ ಮಗಳು ಕಂಡ ಗುಡ್ಡದ ಹೆಸರು ಓಲ್ಡ್ ಸೇರಮ್. ಈಗಿನ ನಗರದಿಂದ ಉತ್ತರಕ್ಕೆ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿದೆ. ಕಬ್ಬಿಣ ಯುಗದ ಜನ ತೋಡಿದ ಕಂದಕ ಮತ್ತು ಏರಿಸಿದ ಮಣ್ಣಿನ ದಿಬ್ಬಗಳ ಒಳಗೆ, 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಕೋಟೆಯೊಂದನ್ನು ಕಟ್ಟಿಕೊಂಡರು. ಬಿಷಪ್ಪರು ಹಳ್ಳಿಗಾಡಿನಲ್ಲಿ ಕೂರದೆ ಜನವೂ ಕಾವಲೂ ಇರುವ ಸ್ಥಳಗಳಿಗೆ ಹೋಗಬೇಕೆಂದು 1075ರ ಧರ್ಮಸಭೆ ನಿರ್ಣಯಿಸಿದಾಗ, ಶೆರ್ಬೋರ್ನ್‌ನಲ್ಲಿದ್ದ ಬಿಷಪ್ ಪೀಠ ಈ ಗುಡ್ಡಕ್ಕೆ ಬಂತು. 1086ರಲ್ಲಿ ವಿಲಿಯಂ ದೊರೆ ರಾಜ್ಯದ ಪ್ರಮುಖ ಭೂಮಾಲೀಕರನ್ನು ಇಲ್ಲಿಗೇ ಕರೆಸಿ ನಿಷ್ಠೆಯ ಪ್ರಮಾಣ ಮಾಡಿಸಿಕೊಂಡ. ಅಷ್ಟು ಮಹತ್ವದ ಜಾಗದಲ್ಲಿ ಬಿಷಪ್ ಆಸ್ಮಂಡ್ ಕಾಲದ ಕೆಥೆಡ್ರಲ್ 1092ರಲ್ಲಿ ಪ್ರತಿಷ್ಠೆಗೊಂಡು, ಐದೇ ದಿನಗಳಲ್ಲಿ ಬಿರುಗಾಳಿಗೆ ಸಿಕ್ಕಿ ಹಾನಿಗೊಳಗಾಯಿತು.

ಅದನ್ನು ರಿಪೇರಿ ಮಾಡಿ, ಮುಂದೆ ಬಿಷಪ್ ರೋಜರ್ ಅದನ್ನು ದೊಡ್ಡದಾಗಿ ವಿಸ್ತರಿಸಿದರೂ, ಒಂದೇ ದಿಬ್ಬದ ಒಳಗೆ ಸೈನ್ಯ ಮತ್ತು ದೇವಸ್ಥಾನ ಎರಡೂ ಇರುವುದು ದಿನದಿನಕ್ಕೂ ಕಷ್ಟವಾಯಿತು. ಪಾದ್ರಿಗಳು ರೋಮ್‌ಗೆ ಸಲ್ಲಿಸಿದ ದೂರುಗಳು ಇಂದಿಗೂ ಓದಲು ಸೊಗಸಾಗಿವೆ: ಗಾಳಿಯ ಮೊರೆತಕ್ಕೆ ಒಬ್ಬರ ಹಾಡು ಇನ್ನೊಬ್ಬರಿಗೆ ಕೇಳಿಸುವುದಿಲ್ಲ, ನೀರಿಲ್ಲ, ಸೀಮೆಸುಣ್ಣದ ಕಲ್ಲಿನ ಬಿಳುಪು ಕಣ್ಣಿಗೆ ಚುಚ್ಚುತ್ತದೆ, ಕೋಟೆಯವರ ಅಪ್ಪಣೆಯಿಲ್ಲದೆ ಚರ್ಚಿಗೆ ಹೋಗಲಾಗುವುದಿಲ್ಲ. ಪೋಪ್ ಮೂರನೆಯ ಹೊನೋರಿಯಸ್ ಸ್ಥಳಾಂತರಕ್ಕೆ ಒಪ್ಪಿದ ಮೇಲೆ, ಬಿಷಪ್ ರಿಚರ್ಡ್ ಪೂರ್ 1220ರ ಏಪ್ರಿಲ್ 28ರಂದು ಏವನ್ ನದಿಯ ಬದಿಯ ಹುಲ್ಲುಗಾವಲಿನಲ್ಲಿ ಹೊಸ ಕೆಥೆಡ್ರಲಿಗೆ ಅಡಿಗಲ್ಲು ಹಾಕಿಸಿದ. ಗುಡ್ಡದಿಂದ ಬಿಟ್ಟ ಬಾಣ ಜಿಂಕೆಯೊಂದಕ್ಕೆ ತಗುಲಿ, ಅದು ಓಡಿ ಬಿದ್ದ ಜಾಗದಲ್ಲಿ ಕೆಥೆಡ್ರಲ್ ಎದ್ದಿತೆಂಬ ಕಥೆ ಅಲ್ಲಿನವರ ಬಾಯಲ್ಲಿದೆ. ಹೊಯ್ಸಳ ವಂಶದ ಮೂಲಪುರುಷ, ಅಂಗಡಿ ಊರಿನ ಸಳನು ಕೊಂದ ಹುಲಿಯ ಕಥೆಯನ್ನು ಬಲ್ಲ ನಮಗೆ ಇದರಲ್ಲಿ ಹೊಸತೇನಿಲ್ಲ. ಊರು ಕಟ್ಟಿದವರಿಗೂ ವಂಶ ಕಟ್ಟಿದವರಿಗೂ ಒಂದೊಂದು ಪ್ರಾಣಿ ಒದಗಿಬರುತ್ತದೆ. ನಿಜಸಂಗತಿ ಇನ್ನೂ ಸರಳ: ಕಣಿವೆಯ ಆ ಭೂಮಿ ಬಿಷಪ್ಪನದೇ ಆಗಿತ್ತು.

ತನ್ನ ನೆಲದಲ್ಲಿ ಊರು ಕಟ್ಟಿದರೆ ನಿವೇಶನದ ಬಾಡಿಗೆ, ಸಂತೆಯ ಸುಂಕ ಎಲ್ಲವೂ ತನ್ನ ಪೀಠಕ್ಕೇ ಬರುತ್ತದೆಂಬ ಲೆಕ್ಕ ರಿಚರ್ಡ್ ಪೂರನಿಗೆ ತಿಳಿದಿತ್ತು. ಕೆಥೆಡ್ರಲ್ ಜೊತೆಜೊತೆಗೇ ನೇರ ಬೀದಿಗಳು ಅಡ್ಡಹಾಯ್ದು ಚೌಕಗಳಾಗುವ ಊರೊಂದನ್ನು ಅಳೆದು ಹಂಚಲಾಯಿತು; 1227ರಲ್ಲಿ ಮೂರನೆಯ ಹೆನ್ರಿ ದೊರೆ ಅದಕ್ಕೆ ಸನ್ನದು ಕೊಟ್ಟ. 1244ರಲ್ಲಿ ಇನ್ನೊಬ್ಬ ಬಿಷಪ್ ಊರಿನ ದಕ್ಷಿಣಕ್ಕೆ ಸೇತುವೆ ಕಟ್ಟಿಸಿ, ಹೆದ್ದಾರಿಯ ಸಂಚಾರವನ್ನು ನೆರೆಯ ವಿಲ್ಟನ್ ಪಟ್ಟಣದಿಂದ ತನ್ನೂರಿನ ಕಡೆಗೆ ತಿರುಗಿಸಿಕೊಂಡ. ಅಲ್ಲಿಂದ ವಿಲ್ಟನ್ನಿನ ಸಂತೆ ಸೊರಗಿತು. ಸಾಲ್ಸ್‌ಬರಿಯನ್ನು ನೋಡುವಾಗ ಕಟ್ಟಡದ ಚೆಲುವಿನಷ್ಟೇ, ಎಲ್ಲಿ ಕಟ್ಟಬೇಕು, ಎಷ್ಟು ಭಾರ ಹೇರಬೇಕು, ಏನನ್ನು ಕೆಡವಬೇಕು ಎಂದು ಒಂದೊಂದು ಕಾಲದವರು ಮಾಡಿದ ತೀರ್ಮಾನಗಳನ್ನೂ ಗಮನಿಸಬೇಕೆಂಬುದು ನಮ್ಮ ಅಭಿಪ್ರಾಯ. ಮುಂದಿನ ಉತ್ತರಗಳಲ್ಲಿಯೂ ಅದೇ ಮಾತು ಬರುತ್ತದೆ.

ಗುಡ್ಡದ ಮೇಲಿನ ಹಳೆಯ ಕೆಥೆಡ್ರಲಿನ ಕಲ್ಲುಗಳೂ ಕೆಳಗಿಳಿದವು. 14ನೇ ಶತಮಾನದಲ್ಲಿ ಹೊಸ ಆವರಣಕ್ಕೆ ಗೋಡೆ ಕಟ್ಟುವಾಗ ಮೂರನೆಯ ಎಡ್ವರ್ಡ್ ದೊರೆಯ ಅನುಮತಿ ಪಡೆದು ಅವನ್ನು ಬಳಸಲಾಯಿತು. ಆ ಗೋಡೆಯ ಪಕ್ಕ ನಿಧಾನವಾಗಿ ನಡೆದರೆ, ಸಾದಾ ಕಲ್ಲುಗಳ ನಡುವೆ ನಾರ್ಮನ್ ಕೆತ್ತನೆಯ ತುಂಡುಗಳು ಕಾಣುತ್ತವೆ. ಗುಡ್ಡದ ಮೇಲೆ ಈಗ ಹಳೆಯ ಕೆಥೆಡ್ರಲಿನ ತಳವಿನ್ಯಾಸ ಮಾತ್ರ ಹುಲ್ಲಿನ ನಡುವೆ ಗುರುತಿಸಿಕೊಂಡಿದೆ.

ಪ್ರಶ್ನೆ: ಬೇಲೂರು, ಹಳೇಬೀಡಿನಲ್ಲಿ ಕೆಲಸ ನಡೆಯುತ್ತಿದ್ದಾಗ ಸಾಲ್ಸ್‌ಬರಿಯಲ್ಲಿ ಏನು ನಡೆಯುತ್ತಿತ್ತು? ನಮ್ಮ ಶಿಲ್ಪಿಗಳಂತೆ ಅಲ್ಲಿನವರೂ ಹೆಸರು ಕೆತ್ತಿದ್ದಾರೆಯೇ? (ಪ್ರವಾಸಿ ಮಾರ್ಗದರ್ಶಿ, ಬೇಲೂರು)

ಉತ್ತರ: ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ ಅದಕ್ಕೂ ಕೆಲವು ವರ್ಷ ಮೊದಲಿನದು. ಆ ಹೊತ್ತಿಗೆ ಬಿಷಪ್ ರೋಜರನ ಅಧಿಕಾರಾವಧಿಯಲ್ಲಿ ಗುಡ್ಡದ ಮೇಲಿನ ಹಳೆಯ ಕೆಥೆಡ್ರಲ್ ವಿಸ್ತಾರಗೊಳ್ಳುತ್ತಿತ್ತು. ಅಂದರೆ ಬೇಲೂರಿನ ಓರಗೆಯದು ಅಲ್ಲಿ ಪಾಯ ಮಾತ್ರವಾಗಿ ಉಳಿದಿದೆ. ಈಗ ನಿಂತಿರುವ ಕೆಥೆಡ್ರಲ್ ಪ್ರತಿಷ್ಠೆಗೊಂಡದ್ದು 1258ರಲ್ಲಿ. ಮೂರನೆಯ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕನು ಸೋಮನಾಥಪುರದ ದೇವಾಲಯವನ್ನು ಕಟ್ಟಿಸಿದ್ದೂ 1258ರ ಆಸುಪಾಸಿನಲ್ಲೇ.

ಹೆಸರಿನ ವಿಷಯದಲ್ಲಿ ನಾವು ಅದೃಷ್ಟವಂತರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದ ಮಲ್ಲಿತಮ್ಮ ಮೊದಲಾದವರು ತಮ್ಮ ವಿಗ್ರಹಗಳ ಪೀಠದಲ್ಲಿ ಹೆಸರು ಕೆತ್ತಿ, ಕೆಲವರು ಬಿರುದುಗಳನ್ನೂ ಸೇರಿಸಿ ಹೋಗಿದ್ದಾರೆ. ಸಾಲ್ಸ್‌ಬರಿಯ ಕಲ್ಲುಕುಟಿಗರಿಂದ ನಮಗೆ ಸಿಕ್ಕಿರುವುದು ಹೆಚ್ಚಾಗಿ ಗೀಟು ಗುರುತುಗಳು. ದಾಖಲೆಗಳಲ್ಲಿ ಉಳಿದ ಹೆಸರು ಎರಡು: ಕೆಲಸದ ಮೇಲ್ವಿಚಾರಣೆ ಹೊತ್ತ ಪಾದ್ರಿ ಎಲಿಯಾಸ್ ಆಫ್ ಡೆರ್ಹಮ್ ಮತ್ತು ಮೇಸ್ತ್ರಿ ನಿಕೋಲಸ್ ಆಫ್ ಈಲಿ. ಎಲಿಯಾಸನು ಆಡಳಿತ, ಹಣಕಾಸು, ರಾಜಕಾರಣ ಎಲ್ಲವನ್ನೂ ಬಲ್ಲವನು. ಅವನ ಹೆಸರು ಈ ಪುಟದಲ್ಲೇ ಇನ್ನೊಮ್ಮೆ ಬರುತ್ತದೆ.

ಇಂಗ್ಲೆಂಡಿನ ಬಹುಪಾಲು ಕೆಥೆಡ್ರಲ್‌ಗಳು ಮೂರು ನಾಲ್ಕು ಶತಮಾನಗಳಲ್ಲಿ ತುಂಡುತುಂಡಾಗಿ ಬೆಳೆದವು. ಒಂದು ಭಾಗದ ಕಮಾನು ಗುಂಡಾಗಿದ್ದರೆ ಇನ್ನೊಂದರದು ಚೂಪಾಗಿರುತ್ತದೆ. ಸಾಲ್ಸ್‌ಬರಿಯ ಮುಖ್ಯ ಕಟ್ಟಡ 38 ವರ್ಷಗಳಲ್ಲಿ ಮುಗಿದದ್ದರಿಂದ ಒಳಗೆ ಹೋದವರಿಗೆ ಒಬ್ಬರೇ ಯೋಚಿಸಿ ಕಟ್ಟಿದಂತೆ ಕಾಣುತ್ತದೆ. ಗೋಡೆಗಳದು ಹತ್ತಿರದ ಚಿಲ್ಮಾರ್ಕ್ ಕಡೆಯ ಮಾಸಲು ಬಣ್ಣದ ಸುಣ್ಣಕಲ್ಲು; ಕಂಬಗಳ ಸುತ್ತ ನಿಲ್ಲಿಸಿದ ತೆಳ್ಳನೆಯ ಕಪ್ಪು ದಂಡಗಳು ದಕ್ಷಿಣ ಕರಾವಳಿಯ ಪರ್ಬೆಕ್‌ನಿಂದ ಬಂದವು. ಪರ್ಬೆಕ್ ಮಾರ್ಬಲ್ ಎಂದು ಕರೆದರೂ ಅದು ಅಮೃತಶಿಲೆಯಲ್ಲ, ಉಜ್ಜಿದರೆ ಹೊಳಪು ಬರುವ ಸುಣ್ಣಕಲ್ಲು. ಕಣ್ಣು ಹತ್ತಿರ ತಂದು ನೋಡಿದರೆ ಆ ಹೊಳಪಿನೊಳಗೆ ಕಾಳಿನ ಗಾತ್ರದ ಸುರುಳಿಗಳು ಒತ್ತೊತ್ತಾಗಿ ಕಾಣುತ್ತವೆ. ಅವೆಲ್ಲ ಕೋಟ್ಯಂತರ ವರ್ಷಗಳ ಹಿಂದಿನ ಸಿಹಿನೀರಿನ ಬಸವನಹುಳುಗಳ ಚಿಪ್ಪುಗಳು. ನಮ್ಮ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವುದರಿಂದ ಮದನಿಕೆಯರ ಕಿವಿಯೋಲೆಯವರೆಗೂ ಉಳಿ ಓಡಿತು. ಆ ಸೂಕ್ಷ್ಮಕ್ಕೆ ಅಲ್ಲಿನ ಕಲ್ಲು ಬಗ್ಗುವುದಿಲ್ಲ. ಅಲ್ಲಿನವರ ಕೈಚಳಕವನ್ನು ಎತ್ತರದಲ್ಲಿ, ಬೆಳಕಿನಲ್ಲಿ, ಒಂದೇ ಅಳತೆಯ ಕಮಾನುಗಳ ಸಾಲಿನಲ್ಲಿ ನೋಡಬೇಕು. ಕೆತ್ತನೆಯ ಕಥಾಪಟ್ಟಿಕೆ ಬೇಕೆನ್ನುವವರು ಪಾದ್ರಿಗಳು ಸಭೆ ಸೇರುವ ಎಂಟು ಮೂಲೆಯ ಚಾಪ್ಟರ್ ಹೌಸ್‌ಗೆ ಹೋದರೆ, ಬೈಬಲ್ಲಿನ ಮೊದಲೆರಡು ಗ್ರಂಥಗಳ ಕಥೆಗಳು ಗೋಡೆಯುದ್ದಕ್ಕೂ ಸಾಗುವುದನ್ನು ಕಾಣಬಹುದು. ಅವುಗಳಲ್ಲಿ ಹಲವನ್ನು 19ನೇ ಶತಮಾನದಲ್ಲಿ ದುರಸ್ತಿ ಮಾಡಲಾಗಿದೆ.

ಪ್ರಶ್ನೆ: ಸಾಲ್ಸ್‌ಬರಿ ಕೆಥೆಡ್ರಲಿನ 123 ಮೀಟರ್ ಎತ್ತರದ ಶಿಖರಕ್ಕೆ ಅಡಿಪಾಯ ನಾಲ್ಕೇ ಅಡಿ ಎಂದು ಓದಿದೆ. ಇದು ಸಾಧ್ಯವೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಸಕಲೇಶಪುರ)

ಉತ್ತರ: ನೀವು ಓದಿದ್ದು ಸರಿ. ಅಡಿಪಾಯದ ಆಳ ಸುಮಾರು ನಾಲ್ಕು ಅಡಿ, ಅಂದರೆ 1.2 ಮೀಟರ್. ಅದರ ಕೆಳಗಿರುವುದು ನದಿ ತಂದು ಹರಡಿದ ಉರುಟು ಕಲ್ಲಿನ ದಪ್ಪ ಪದರ. ಅಂತರ್ಜಲ ನೆಲಮಟ್ಟಕ್ಕೆ ಬಹಳ ಹತ್ತಿರದಲ್ಲಿರುವುದರಿಂದ ಆಳಕ್ಕೆ ಅಗೆದರೆ ಗುಂಡಿಯ ತುಂಬ ನೀರೇ. ಆ ಕಲ್ಲಿನ ಪದರ ಗಟ್ಟಿಯಾಗಿ ಒತ್ತಿಕೊಂಡಿದ್ದು ಭಾರವನ್ನು ಅಗಲಕ್ಕೆ ಹಂಚುತ್ತದೆ. ಕೆಥೆಡ್ರಲಿನ ನೆಲಹಾಸಿನಲ್ಲಿರುವ ಸಣ್ಣ ಕಿಂಡಿಯೊಳಗೆ ಕೋಲು ಇಳಿಸಿ ನೀರಿನ ಮಟ್ಟವನ್ನು ನೋಡುವ ಪದ್ಧತಿ ಈಗಲೂ ಇದೆ. ಪ್ರವಾಸಿಗಳಿಗೂ ಅದನ್ನು ತೋರಿಸುತ್ತಾರೆ.

ಆದರೆ ಆ ಅಡಿಪಾಯ ಶಿಖರಕ್ಕಾಗಿ ಹಾಕಿದ್ದಲ್ಲ. 13ನೇ ಶತಮಾನದವರು ನಡುವೆ ಗಿಡ್ಡನೆಯ ಗೋಪುರವೊಂದನ್ನಷ್ಟೇ ಯೋಚಿಸಿದ್ದರು. 14ನೇ ಶತಮಾನದ ಆರಂಭದಲ್ಲಿ ಮುಂದಿನ ಪೀಳಿಗೆಯವರು ಅದರ ಮೇಲೆ ಇನ್ನೆರಡು ಅಂತಸ್ತುಗಳನ್ನೂ ಎಂಟು ಮುಖದ ಕಲ್ಲಿನ ಶಿಖರವನ್ನೂ ಏರಿಸಿದರು. ಹೀಗೆ ಸೇರಿದ ತೂಕ ಸುಮಾರು 6,500 ಟನ್. ಧೈರ್ಯ ಎನ್ನಬೇಕೋ ಹುಂಬತನ ಎನ್ನಬೇಕೋ, ಓದುಗರೇ ನಿರ್ಧರಿಸಲಿ. ಅವರೇನೂ ಲೆಕ್ಕವಿಲ್ಲದೆ ಏರಿಸಿದವರಲ್ಲ: ಶಿಖರದ ಗೋಡೆ ಬುಡದಲ್ಲಿ ಸುಮಾರು ಎರಡು ಅಡಿ ದಪ್ಪವಿದ್ದು, ತುದಿಗೆ ಹೋಗುತ್ತ ಒಂದು ಅಡಿಗೂ ಕಡಿಮೆಯಾಗುತ್ತದೆ, ಗೋಪುರದ ಸುತ್ತ ಕಬ್ಬಿಣದ ಪಟ್ಟಿಗಳನ್ನೂ ಬಿಗಿದಿದ್ದರು. ಕಟ್ಟುವಾಗ ಬಳಸಿದ ಮರದ ಸಾರುವೆಯನ್ನು ಬಿಚ್ಚದೆ ಶಿಖರದ ಹೊಟ್ಟೆಯೊಳಗೇ ಬಿಟ್ಟಿದ್ದಾರೆ. ಇಂದಿಗೂ ತಲೆಯೆತ್ತಿ ನೋಡಿದರೆ ಆ ತೊಲೆಗಳ ಜಾಲ ಕತ್ತಲೆಯೊಳಕ್ಕೆ ಏರುತ್ತ ಹೋಗುವುದು ಕಾಣುತ್ತದೆ.

ಭಾರದ ಪರಿಣಾಮವನ್ನು ಕಾಣಲು ಉಪಕರಣವೇನೂ ಬೇಡ. ನಡುಗೋಪುರವನ್ನು ಹೊತ್ತ ನಾಲ್ಕು ಮಹಾಕಂಬಗಳ ಬುಡದಲ್ಲಿ ನಿಂತು ಕಪ್ಪು ದಂಡಗಳ ಜಾಡು ಹಿಡಿದು ಕಣ್ಣನ್ನು ಮೇಲಕ್ಕೆ ಒಯ್ದರೆ, ಹೊರೆ ಹೊತ್ತ ಬಿದಿರ ಗಳುವಿನಂತೆ ಅವು ಬಾಗಿರುವುದು ತಿಳಿಯುತ್ತದೆ. ಬಾಗು ಹೆಚ್ಚದಂತೆ 14 ಮತ್ತು 15ನೇ ಶತಮಾನಗಳಲ್ಲಿ ಅಡ್ಡ ಕಮಾನುಗಳನ್ನು ಸೇರಿಸಿ ಒತ್ತು ಕೊಟ್ಟರು. 1668ರಲ್ಲಿ ಲಂಡನ್ನಿನ ವಾಸ್ತುಶಿಲ್ಪಿ ಕ್ರಿಸ್ಟಫರ್ ರೆನ್ ಪರೀಕ್ಷಿಸಿದಾಗ ಶಿಖರದ ತುದಿ ಸುಮಾರು ಎರಡೂವರೆ ಅಡಿ ವಾಲಿತ್ತು. ಅವನ ಸಲಹೆಯಂತೆ ಇನ್ನಷ್ಟು ಕಬ್ಬಿಣದ ಬಿಗಿಗಳನ್ನು ಹಾಕಲಾಯಿತು. ತುದಿಯಿಂದ ತೂಕದ ಗುಂಡು ಇಳಿಬಿಟ್ಟರೆ ಅದು ನಿಲ್ಲುವ ಜಾಗಕ್ಕೆ ನೆಲದಲ್ಲಿ ಹಿತ್ತಾಳೆಯ ಗುರುತಿದೆ, ಮತ್ತು ನಂತರದ ಅಳತೆಗಳಲ್ಲಿ ಹೇಳಿಕೊಳ್ಳುವಂತಹ ಚಲನೆ ಕಂಡಿಲ್ಲ. ಎಲ್ಲ ಶಿಖರಗಳಿಗೂ ಈ ಭಾಗ್ಯ ಸಿಗಲಿಲ್ಲ: ಇದಕ್ಕಿಂತ ಎತ್ತರವಾಗಿದ್ದ ಲಿಂಕನ್ನಿನದು 1548ರಲ್ಲಿ ಬಿತ್ತು, ಲಂಡನ್ನಿನ ಹಳೆಯ ಸೇಂಟ್ ಪಾಲ್ಸ್‌ನದು 1561ರಲ್ಲಿ ಸಿಡಿಲಿಗೆ ಸುಟ್ಟಿತು, ಚಿಚೆಸ್ಟರಿನದು 1861ರಲ್ಲಿ ಕುಸಿಯಿತು. ನಮ್ಮ ಬೇಲೂರಿನ ಗರ್ಭಗುಡಿಯ ಮೇಲಿದ್ದ ವಿಮಾನ ಶಿಖರವನ್ನು, ಕೆಳಗಿನ ಕಟ್ಟಡ ಉಳಿಯಲೆಂದು 19ನೇ ಶತಮಾನದಲ್ಲಿ ಬಿಚ್ಚಿಳಿಸಿದರು. ಸಾಲ್ಸ್‌ಬರಿಯವರು ಇಳಿಸದೆ ಒತ್ತು ಕೊಡುವ ದಾರಿ ಹಿಡಿದರು. ಇಂದು ಬ್ರಿಟನ್ನಿನ ಚರ್ಚ್ ಶಿಖರಗಳಲ್ಲಿ ಅತಿ ಎತ್ತರದ್ದು ಇದೇ.

ಪ್ರಶ್ನೆ: ಕೆಥೆಡ್ರಲ್ ಇದ್ದ ಊರೆಲ್ಲ ನಗರವೇ? ಸಾಲ್ಸ್‌ಬರಿ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆಯೇ? (ಓದುಗರೊಬ್ಬರು, ಕಡೂರು)

ಉತ್ತರ: ಬಿಷಪ್ಪನ ಪೀಠವಿರುವ ಚರ್ಚೇ ಕೆಥೆಡ್ರಲ್, ಗಾತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಚಿಕ್ಕಮಗಳೂರಿನ ಸೇಂಟ್ ಜೋಸೆಫರ ಕೆಥೆಡ್ರಲ್ 1963ರಲ್ಲಿ ಸ್ಥಾಪನೆಯಾದ ಕಥೋಲಿಕ ಧರ್ಮಪ್ರಾಂತ್ಯದ ಪೀಠ, ಹಾಸನ ಜಿಲ್ಲೆಯೂ ಅದರ ವ್ಯಾಪ್ತಿಗೆ ಸೇರಿದೆ. ಸಾಲ್ಸ್‌ಬರಿಯದು 16ನೇ ಶತಮಾನದ ಮತಸುಧಾರಣೆಯಿಂದೀಚೆಗೆ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿಗೆ ಸೇರಿದ್ದು. ಇಂಗ್ಲೆಂಡಿನಲ್ಲಿ ನಗರವೆಂಬ ಪದವಿಯನ್ನು ಕೊಡುವುದು ರಾಜಮನೆತನ. ಎಂಟನೆಯ ಹೆನ್ರಿ ಹೊಸ ಬಿಷಪ್ ಪೀಠಗಳನ್ನು ಸ್ಥಾಪಿಸಿದಾಗ ಆಯಾ ಊರುಗಳಿಗೆ ನಗರ ಪದವಿಯನ್ನೂ ಕೊಟ್ಟದ್ದರಿಂದ ಎರಡಕ್ಕೂ ನಂಟು ಬೆಳೆಯಿತು. 1889ರಲ್ಲಿ ಕೆಥೆಡ್ರಲ್ ಇಲ್ಲದ ಬರ್ಮಿಂಗ್‌ಹ್ಯಾಮ್‌ಗೆ ಪದವಿ ಸಿಕ್ಕಿದ ಮೇಲೆ ಆ ನಂಟು ಸಡಿಲವಾಯಿತು. ಇನ್ನು ಪಟ್ಟಿಯ ಮಾತು: ಡರ್ಹಮ್ ಕೆಥೆಡ್ರಲ್ 1986ರಲ್ಲಿ, ಕ್ಯಾಂಟರ್‌ಬರಿ 1988ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ, ಬೇಲೂರು, ಹಳೇಬೀಡು, ಸೋಮನಾಥಪುರ ಒಟ್ಟಾಗಿ 2023ರಲ್ಲಿ ಸೇರಿದವು. ಸಾಲ್ಸ್‌ಬರಿ ಕೆಥೆಡ್ರಲ್ ಅದರಲ್ಲಿಲ್ಲ. ಸಮೀಪದ ಸ್ಟೋನ್‌ಹೆಂಜ್ ಇದೆ.

ಪ್ರಶ್ನೆ: ಮ್ಯಾಗ್ನಾ ಕಾರ್ಟಾದ ಮೂಲ ಪ್ರತಿ ಸಾಲ್ಸ್‌ಬರಿಯ ಕೆಥೆಡ್ರಲಿನಲ್ಲಿ ಇರುವುದು ಹೇಗೆ? (ವಕೀಲರು, ಚಿಕ್ಕಮಗಳೂರು)

ಉತ್ತರ: 1215ರ ಜೂನ್‌ನಲ್ಲಿ ಥೇಮ್ಸ್ ನದಿಯ ಬದಿಯ ರನ್ನಿಮೀಡ್‌ನಲ್ಲಿ ಜಾನ್ ದೊರೆ, ಬಂಡೆದ್ದ ಜಮೀನ್ದಾರರ ಒತ್ತಾಯಕ್ಕೆ ಮಣಿದು ಒಪ್ಪಿದ, ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ ಸನ್ನದೇ ಮ್ಯಾಗ್ನಾ ಕಾರ್ಟಾ; ಅದರ ಪ್ರತಿಗಳನ್ನು ರಾಜ್ಯದ ನಾನಾ ಕಡೆಗೆ ಕಳುಹಿಸಲಾಯಿತು. ಅವುಗಳನ್ನು ತಲುಪಿಸುವ ಹೊಣೆ ಹೊತ್ತವರಲ್ಲಿ ಒಬ್ಬನು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನನ ಕಾರ್ಯನಿರ್ವಾಹಕನಾಗಿದ್ದ ಎಲಿಯಾಸ್ ಆಫ್ ಡೆರ್ಹಮ್, ಅಂದರೆ ಮುಂದೆ ಸಾಲ್ಸ್‌ಬರಿಯ ಕಟ್ಟಡ ಕೆಲಸ ನೋಡಿಕೊಂಡ ಅದೇ ಪಾದ್ರಿ. ಜಾನ್ ದೊರೆಯ ಮಲಸಹೋದರ, ಸಾಲ್ಸ್‌ಬರಿಯ ಅರ್ಲ್ ವಿಲಿಯಂ ಲಾಂಗೆಸ್ಪೀ ಕೂಡ ರನ್ನಿಮೀಡ್‌ನಲ್ಲಿದ್ದವನು, ಮತ್ತು 1226ರಲ್ಲಿ ಹೊಸ ಕೆಥೆಡ್ರಲಿನಲ್ಲಿ ಮೊದಲು ಸಮಾಧಿಯಾದವನು.

ಉಳಿದಿರುವ ನಾಲ್ಕು ಮೂಲ ಪ್ರತಿಗಳಲ್ಲಿ ಎರಡು ಬ್ರಿಟಿಷ್ ಲೈಬ್ರರಿಯಲ್ಲೂ ಒಂದು ಲಿಂಕನ್ನಿನಲ್ಲೂ ಇವೆ. ಸಾಲ್ಸ್‌ಬರಿಯದನ್ನು ಅತ್ಯಂತ ಸುಸ್ಥಿತಿಯಲ್ಲಿರುವ ಪ್ರತಿಯೆಂದು ಹೇಳುತ್ತಾರೆ. ಒಂದೇ ತೊಗಲ ಹಾಳೆಯ ಮೇಲೆ ಲ್ಯಾಟಿನ್ ಭಾಷೆಯ ಸುಮಾರು 3,500 ಪದಗಳನ್ನು, ಅಕ್ಷರ ಮೊಟಕುಗೊಳಿಸಿ, ವಿಧಿಗಳಿಗೆ ಸಂಖ್ಯೆಯನ್ನೂ ಹಾಕದೆ ಒತ್ತಾಗಿ ಬರೆದಿದೆ. 63 ವಿಧಿಗಳೆಂಬ ಎಣಿಕೆ ನಂತರದವರದು. ಮುದ್ರೆ ಕಳಚಿಹೋಗಿದೆ. ಕಾನೂನುಬದ್ಧ ತೀರ್ಪಿಲ್ಲದೆ ಸ್ವತಂತ್ರ ವ್ಯಕ್ತಿಯನ್ನು ಬಂಧಿಸಬಾರದು, ಅವನ ಆಸ್ತಿಯನ್ನು ಕಿತ್ತುಕೊಳ್ಳಬಾರದು ಎಂಬ 39ನೇ ವಿಧಿ ಎಲ್ಲಕ್ಕಿಂತ ಪ್ರಸಿದ್ಧ; ನಮ್ಮ ಸಂವಿಧಾನದ 21ನೇ ವಿಧಿಯನ್ನು ದಿನವೂ ಉದ್ಧರಿಸುವ ತಮಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಸ್ವತಂತ್ರ ವ್ಯಕ್ತಿ ಎಂಬ ಷರತ್ತು ಅಂದಿನ ಜೀತದ ರೈತರನ್ನು ಹೊರಗಿಟ್ಟಿತ್ತೆಂಬುದನ್ನು, ಸನ್ನದನ್ನು ಹೊಗಳುವ ಭಾಷಣಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಪೋಪ್ ಮೂರನೆಯ ಇನ್ನೊಸೆಂಟ್ ಕೆಲವೇ ವಾರಗಳಲ್ಲಿ ಅದನ್ನು ರದ್ದುಪಡಿಸಿದ. ದೊರೆ ಸತ್ತ ಮೇಲೆ ತಿದ್ದುಪಡಿಗಳೊಂದಿಗೆ ಹಲವು ಬಾರಿ ಮತ್ತೆ ಹೊರಟು, 1225ರ ಪಾಠ ಗಟ್ಟಿಯಾಗಿ ನಿಂತಿತು. ಸಾಲ್ಸ್‌ಬರಿಯ ಪ್ರತಿಯ ಗಾಜಿನ ಪೆಟ್ಟಿಗೆಯನ್ನು 2018ರ ಅಕ್ಟೋಬರಿನಲ್ಲಿ ಒಬ್ಬಾತ ಸುತ್ತಿಗೆಯಿಂದ ಒಡೆಯಲು ಯತ್ನಿಸಿ ಸಿಕ್ಕಿಬಿದ್ದ. ಹಾಳೆಗೆ ಏನೂ ಆಗಲಿಲ್ಲ.

ಪ್ರಶ್ನೆ: ಜನರಿಲ್ಲದ ಗುಡ್ಡದಿಂದ ಪಾರ್ಲಿಮೆಂಟಿಗೆ ಸದಸ್ಯರು ಹೋಗುತ್ತಿದ್ದರಂತೆ, ಅದಕ್ಕೂ ಮದ್ರಾಸಿಗೂ ಏನೋ ಸಂಬಂಧವಿದೆಯಂತೆ. ನಿಜವೇ? (ಓದುಗರು, ಅರಸೀಕೆರೆ)

ಉತ್ತರ: ನಿಜ. ಜನ ಕಣಿವೆಗೆ ಇಳಿದುಹೋದರೂ ಓಲ್ಡ್ ಸೇರಮ್‌ನ ಎರಡು ಪಾರ್ಲಿಮೆಂಟ್ ಸ್ಥಾನಗಳು ಗುಡ್ಡದ ಮೇಲೆಯೇ ಉಳಿದವು. ಮತದ ಹಕ್ಕು ಕೆಲವು ನಿವೇಶನಗಳಿಗೆ ಅಂಟಿಕೊಂಡಿತ್ತು. ಮತದಾರರು ಹತ್ತರ ಆಸುಪಾಸು, ಅವರೂ ಅಲ್ಲಿ ವಾಸವಿದ್ದವರಲ್ಲ. ಗುಡ್ಡವನ್ನು ಕೊಂಡವನಿಗೆ ಎರಡು ಸ್ಥಾನಗಳೂ ಕೈವಶ. ಹಾಗೆ ಅದನ್ನು ಕೊಂಡವನು ಥಾಮಸ್ ಪಿಟ್. 1698ರಿಂದ 1709ರವರೆಗೆ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆಗಿದ್ದ ಆತ, ಗೋಲ್ಕೊಂಡ ಸೀಮೆಯ ಗಣಿಯಿಂದ ಬಂದ 410 ಕ್ಯಾರಟ್‌ನ ಒರಟು ವಜ್ರವನ್ನು ಮದ್ರಾಸಿನಲ್ಲಿ ಕೊಂಡು, ಲಂಡನ್ನಿನಲ್ಲಿ ಸಾಣೆ ಹಿಡಿಸಿ, 1717ರಲ್ಲಿ ಬಾಲದೊರೆಯ ಪರವಾಗಿ ಫ್ರಾನ್ಸನ್ನು ಆಳುತ್ತಿದ್ದ ರೀಜೆಂಟನಿಗೆ ಮಾರಿದ. ಸುಮಾರು 140 ಕ್ಯಾರಟ್‌ನ ಆ ಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅವನ ಮೊಮ್ಮಗ ವಿಲಿಯಂ ಪಿಟ್ 1735ರಲ್ಲಿ ಪಾರ್ಲಿಮೆಂಟ್ ಪ್ರವೇಶಿಸಿದ್ದು ಈ ಓಲ್ಡ್ ಸೇರಮ್‌ನಿಂದಲೇ. ಮರಿಮಗ ಕಿರಿಯ ಪಿಟ್‌ನ ಹೆಸರು ಈಸ್ಟ್ ಇಂಡಿಯಾ ಕಂಪನಿಯನ್ನು ಸರ್ಕಾರದ ಹತೋಟಿಗೆ ತಂದ 1784ರ ಕಾಯ್ದೆಯ ಮೂಲಕ ನಮ್ಮ ಪಠ್ಯಪುಸ್ತಕಗಳಲ್ಲಿದೆ. 1832ರ ಸುಧಾರಣಾ ಕಾಯ್ದೆ ಗುಡ್ಡದ ಸ್ಥಾನಗಳನ್ನು ರದ್ದುಮಾಡಿತು. ಸುಮ್ಮನಿದ್ದ ಹುಲ್ಲುಗಾವಲು ಅಷ್ಟು ಕಾಲ ಶಾಸನ ಮಾಡುತ್ತ ಕೂತಿದ್ದು ಬ್ರಿಟಿಷ್ ಪ್ರಜಾಪ್ರಭುತ್ವದ ಇತಿಹಾಸದಲ್ಲಿ ಮುಚ್ಚಿಡುವ ಸಂಗತಿಯಲ್ಲ, ಅವರೇ ನಗುತ್ತ ಹೇಳಿಕೊಳ್ಳುತ್ತಾರೆ.

ಪ್ರಶ್ನೆ: ಶೆಟ್ಟಿಹಳ್ಳಿಯ ಇಗರ್ಜಿ ಹೇಮಾವತಿ ಹಿನ್ನೀರಿನಲ್ಲಿ ನಿಂತು ವರ್ಷ ವರ್ಷವೂ ಸವೆಯುತ್ತಿದೆ. ನೀರಿನ ಮೇಲೆಯೇ ನಿಂತ ಸಾಲ್ಸ್‌ಬರಿ ಎಂಟು ಶತಮಾನ ಉಳಿದದ್ದು ಹೇಗೆ? (ಗೃಹಿಣಿ, ಗೊರೂರು)

ಉತ್ತರ: ನೀರು ಅಲ್ಲಿಯೂ ತೊಂದರೆ ಕೊಟ್ಟಿದೆ. ಊರು ಹುಟ್ಟಿದಾಗಲೇ ನದಿಯ ನೀರನ್ನು ಬೀದಿ ಬೀದಿಯ ಕಾಲುವೆಗಳಲ್ಲಿ ಹರಿಸಿದ್ದರು. ಕುಡಿಯಲು, ಬಟ್ಟೆ ಒಗೆಯಲು, ಉಣ್ಣೆಯ ಕೆಲಸಕ್ಕೆ, ಕಸ ಎಸೆಯಲು ಎಲ್ಲದಕ್ಕೂ ಅದೇ. ಅದರಿಂದ ಊರಿಗೆ ಇಂಗ್ಲೆಂಡಿನ ವೆನಿಸ್ ಎಂಬ ಹೆಸರೂ ಬಂತು, 1849ರಲ್ಲಿ ಕಾಲರಾ ಕೂಡ ಬಂತು. ಆಮೇಲೆ ವೈದ್ಯ ಆಂಡ್ರ್ಯೂ ಮಿಡ್ಲ್‌ಟನ್ ಹಟ ಹಿಡಿದು ವಾದಿಸಿದ್ದರಿಂದ ಹೊಸ ಚರಂಡಿ, ಕೊಳವೆ ನೀರು ಬಂದು ಕಾಲುವೆಗಳು ಮುಚ್ಚಿದವು. ಮುಚ್ಚುವಾಗ ಕೆಸರಿನಿಂದ ಕೀಲಿಕೈ, ಚಾಕು, ಯಾತ್ರಿಕರು ಬಟ್ಟೆಗೆ ಸಿಕ್ಕಿಸಿಕೊಳ್ಳುತ್ತಿದ್ದ ಸೀಸದ ಬಿಲ್ಲೆಗಳಂತಹ ವಸ್ತುಗಳು ರಾಶಿಯಾಗಿ ಸಿಕ್ಕವು. ಅವುಗಳನ್ನು ಕಾಪಾಡಲೆಂದೇ 1860ರಲ್ಲಿ ಊರಿನ ಸಂಗ್ರಹಾಲಯ ಶುರುವಾಯಿತು.

ಮನುಷ್ಯರ ಕೈಯಿಂದಾದ ಹಾನಿ ನೀರಿನದಕ್ಕಿಂತ ಕಡಿಮೆಯೇನಲ್ಲ. ಮತಸುಧಾರಣೆಯ ಕಾಲದಲ್ಲಿ ಸಂತ ಆಸ್ಮಂಡನ ಸಮಾಧಿ ಮಂದಿರವನ್ನು ಕೆಡವಿದರು. ಸಂತೆಪೇಟೆಯ ಬಳಿಯ ಸೇಂಟ್ ಥಾಮಸ್ ಚರ್ಚಿನ ಅಂತಿಮ ತೀರ್ಪಿನ ದೊಡ್ಡ ಚಿತ್ರಕ್ಕೆ 1593ರಲ್ಲಿ ಸುಣ್ಣ ಬಳಿದರು. ಸುಣ್ಣದಡಿಯಲ್ಲೇ ಉಳಿದಿದ್ದ ಅದು 19ನೇ ಶತಮಾನದಲ್ಲಿ ಮತ್ತೆ ಬೆಳಕಿಗೆ ಬಂತು. 1789ರಿಂದ ಮೂರು ವರ್ಷ ಕೆಲಸ ಮಾಡಿದ ವಾಸ್ತುಶಿಲ್ಪಿ ಜೇಮ್ಸ್ ವಯಟ್, ಒಪ್ಪ ಮಾಡುವ ಉತ್ಸಾಹದಲ್ಲಿ ಎರಡು ಪ್ರಾರ್ಥನಾ ಮಂದಿರಗಳನ್ನು ಕಿತ್ತು, ಹಳೆಯ ಬಣ್ಣದ ಗಾಜನ್ನು ತೆಗೆಸಿ, ಸಮಾಧಿಗಳನ್ನು ಸಾಲಾಗಿ ಜೋಡಿಸಿ, ಪ್ರತ್ಯೇಕವಾಗಿ ನಿಂತಿದ್ದ ಗಂಟೆಗೋಪುರವನ್ನೇ ನೆಲಸಮ ಮಾಡಿಸಿದ. ಈ ಗಡಿಬಿಡಿಯಲ್ಲಿ ಮೇಲೆ ಹೇಳಿದ ಲಾಂಗೆಸ್ಪೀಯ ಸಮಾಧಿ ತೆರೆದಾಗ, ತಲೆಬುರುಡೆಯೊಳಗೆ ಸತ್ತ ಇಲಿಯೊಂದು ಸಿಕ್ಕಿತು. ಅದರ ದೇಹದಲ್ಲಿ ಪಾಷಾಣದ ಅಂಶವಿತ್ತು. ಆ ಇಲಿಯೂ ಈಗ ಸಂಗ್ರಹಾಲಯದಲ್ಲಿದೆ. ಗಂಟೆಗೋಪುರದಲ್ಲಿದ್ದ, ಸುಮಾರು 1386ರ ಕಬ್ಬಿಣದ ಗಡಿಯಾರ ಜಾಗ ಬದಲಿಸಿ, 19ನೇ ಶತಮಾನದ ಕೊನೆಗೆ ಮೂಲೆಗೆ ಬಿದ್ದು, 1928ರ ಹೊತ್ತಿಗೆ ಮತ್ತೆ ಪತ್ತೆಯಾಯಿತು. ಅದಕ್ಕೆ ಮುಖವೂ ಮುಳ್ಳೂ ಇಲ್ಲ, ಗಂಟೆ ಹೊಡೆಯುವುದಷ್ಟೇ ಅದರ ಕೆಲಸವಾಗಿತ್ತು. ಜಗತ್ತಿನ ಅತಿ ಹಳೆಯ ನಡೆಯುವ ಯಂತ್ರಗಡಿಯಾರವೆಂಬ ಬಿರುದಿಗೆ ಬೇರೆ ಊರುಗಳ ಪೈಪೋಟಿಯೂ ಇದೆ.

ಇಷ್ಟಾದರೂ ಕಟ್ಟಡ ಉಳಿದದ್ದಕ್ಕೆ ಮುಖ್ಯ ಕಾರಣ, ಅಲ್ಲಿ ದಿನನಿತ್ಯದ ಆರಾಧನೆಯೂ ರಿಪೇರಿಯ ಕೆಲಸವೂ ನಿಲ್ಲದಿರುವುದು. ಕೆಥೆಡ್ರಲಿಗೆ ತನ್ನದೇ ಕಾರ್ಯಾಗಾರವಿದೆ; ಕಲ್ಲುಕುಟಿಗರು, ಬಡಗಿಗಳು, ಗಾಜಿನ ಕೆಲಸದವರು ಸಂಬಳದ ಮೇಲಿದ್ದಾರೆ. 1986ರಲ್ಲಿ ಶಿಖರದಿಂದ ಶುರುವಾದ ದುರಸ್ತಿ ಕಟ್ಟಡದ ಸುತ್ತ ಒಂದು ಸುತ್ತು ಬಂದು ಮುಗಿದು, ಸಾರುವೆ ಬಿಚ್ಚಿದ್ದು 2023ರಲ್ಲಿ. ಕೈಯಲ್ಲಿ ಸುತ್ತಿಗೆ ಹಿಡಿದು ಸೇರಿದ ಹುಡುಗ ನಿವೃತ್ತಿಯ ವಯಸ್ಸಿಗೆ ಬರುವಷ್ಟು ಕಾಲ. ಶೆಟ್ಟಿಹಳ್ಳಿಯದು ಬೇರೆಯೇ ಸ್ಥಿತಿ: 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಆ ಇಗರ್ಜಿಯ ಊರಿನವರು ಅಣೆಕಟ್ಟಿನಿಂದಾಗಿ ಬೇರೆಡೆಗೆ ಹೋದರು, ಪೂಜೆ ನಿಂತಿತು, ಮಾಡು ಹೋಯಿತು. ಮಾಡಿಲ್ಲದ ಗಾರೆ ಗೋಡೆ ಪ್ರತಿ ಮಳೆಗಾಲ ನೆನೆದು ಒಣಗುತ್ತಿದ್ದರೆ ಸವೆಯದೆ ಇರಲಾರದು. ಅದನ್ನು ಉಳಿಸಬೇಕೆಂದರೆ ಫೋಟೊ ತೆಗೆಯಲು ಬರುವವರ ಸಂಖ್ಯೆಯಿಂದ ಆಗುವುದಿಲ್ಲ, ನೀರು ಇಳಿದ ತಿಂಗಳುಗಳಲ್ಲಿ ಸುಣ್ಣದ ಗಾರೆ ಬಲ್ಲ ಮೇಸ್ತ್ರಿಗಳು ಅಲ್ಲಿ ಕೆಲಸ ಮಾಡಬೇಕು.

ಪ್ರಶ್ನೆ: ಒಂದೇ ದಿನ ಕೈಯಲ್ಲಿದ್ದರೆ ಏನೇನು ನೋಡಬಹುದು? (ಹಾಸನದ ಶಿಕ್ಷಕರೂ ಸೇರಿ ಹಲವರು)

ಉತ್ತರ: ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಮೊದಲು ಓಲ್ಡ್ ಸೇರಮ್ ಗುಡ್ಡ ಹತ್ತಿ, ಅಲ್ಲಿನ ಗಾಳಿಯನ್ನು ಅನುಭವಿಸಿ, ದಕ್ಷಿಣಕ್ಕೆ ಕಾಣುವ ಶಿಖರವನ್ನು ನೋಡಿಕೊಂಡು ಆಮೇಲೆ ಊರಿಗಿಳಿಯುವುದು ಒಳ್ಳೆಯದು. ಹೆಚ್ಚಿನವರು ಇದಕ್ಕೆ ವಿರುದ್ಧವಾಗಿ ಮಾಡಿ ಗುಡ್ಡವನ್ನು ಬಿಟ್ಟೇಬಿಡುತ್ತಾರೆ. ಮಂಗಳವಾರ ಮತ್ತು ಶನಿವಾರ ಸಂತೆ ಕೂಡುತ್ತದೆ. ಹಿಂದೆ ಕೋಳಿ ಮಾರುತ್ತಿದ್ದ ಕಲ್ಲಿನ ಮಂಟಪ ಪೌಲ್ಟ್ರಿ ಕ್ರಾಸ್ ಅದರ ಪಕ್ಕದಲ್ಲೇ ಇದೆ. ಗೋಪುರ ಹತ್ತಲು ಟಿಕೆಟ್ ಮುಂಗಡವಾಗಿ ಕಾದಿರಿಸಬೇಕು. ಶಿಖರದ ಬುಡದವರೆಗೆ 332 ಮೆಟ್ಟಿಲುಗಳಿವೆ, ಕೆಲವೆಡೆ ಸುರುಳಿ ಮೆಟ್ಟಿಲು ಬಹಳ ಇಕ್ಕಟ್ಟು, ಆದ್ದರಿಂದ ಮಂಡಿನೋವಿರುವವರು ಕೆಳಗೆ ಚಾಪ್ಟರ್ ಹೌಸ್ ಮತ್ತು ಆವರಣದ ಗೋಡೆಯ ಕಡೆ ಹೊತ್ತು ಕಳೆಯಬಹುದು. ಸಂಜೆಯ ಗಾಯನ ಪ್ರಾರ್ಥನೆಗೆ ಶುಲ್ಕವಿಲ್ಲ, ಯಾವ ಮತದವರೂ ಕೂರಬಹುದು. ಬಾಲಕಿಯರಿಗೂ ಸ್ವತಂತ್ರ ಗಾಯನವೃಂದವನ್ನು ಇಂಗ್ಲೆಂಡಿನ ಕೆಥೆಡ್ರಲ್‌ಗಳಲ್ಲಿ ಮೊದಲು ಕಟ್ಟಿದ್ದು ಇಲ್ಲಿ, 1991ರಲ್ಲಿ. ಆವರಣದ ಬಾಗಿಲುಗಳನ್ನು ಈಗಲೂ ರಾತ್ರಿ ಹಾಕುತ್ತಾರೆ.